ಬಂಡಾಯಕ್ಕೆ ಎರವಲು ತಂದ ಕುರ್ಚಿ

ಸಾಲ್ಘಾರಿ ಬಜಾರಿನ ಪೊಲೀಸ್ ಕಚೇರಿಯ ಕಬ್ಬಿಣದ ಗೇಟನ್ನು ಕಿತ್ತು ಕೆಡವಿದ್ದು ಏನು, ಹೇಳಿ ನೋಡೋಣ. ಬಾಂಬು ಅಂದಿರಾ? ಅಲ್ಲ. ಬಾಂಬು ಎರಡು ಸಲ ಬಿದ್ದಿತ್ತು, ಗೇಟಿನ ಬಣ್ಣವೂ ಹೋಗಿರಲಿಲ್ಲ. ಜನರ ಆಕ್ರೋಶವೇ? ಅದೂ ಅಲ್ಲ. ಜನ ಆಕ್ರೋಶಗೊಂಡು ಗೇಟು ಕಾಣುವಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಯೋಚಿಸುತ್ತಿರಿ, ಅಷ್ಟರಲ್ಲಿ ಹಿನ್ನೆಲೆ ಕೇಳಿಬಿಡಿ.

ರಾಜರು ದೇಶದ ಆಡಳಿತವನ್ನೆಲ್ಲ ತಮ್ಮ ಕೈಗೇ ತೆಗೆದುಕೊಂಡ ಮೇಲೆ ಏಳು ಪಕ್ಷಗಳೂ ಕಾಡಿನ ಬಂದೂಕಿನವರೂ ಒಂದಾದರು. ಅಲ್ಲಿಯತನಕ ಇವರು ಅವರನ್ನು ಭಯೋತ್ಪಾದಕರು ಎನ್ನುತ್ತಿದ್ದರು, ಅವರು ಇವರನ್ನು ಲದ್ದಿಹುಳ ಎನ್ನುತ್ತಿದ್ದರು. ಒಪ್ಪಂದದ ಪ್ರಕಾರ ಎರಡೂ ಮಾತುಗಳನ್ನು ಮುಂದಿನ ಆದೇಶದವರೆಗೆ ಅಮಾನತಿನಲ್ಲಿಡಲಾಯಿತು. ಸಾಲ್ಘಾರಿಯಲ್ಲೂ ಎಂಟು ಬಣ ಸೇರಿ ಜಂಟಿ ಸಭೆ ಮಾಡುವುದು, ಸಭೆ ಮುಗಿದ ಕೂಡಲೇ ಪೊಲೀಸ್ ಕಚೇರಿಗೆ ನುಗ್ಗಿ ಬಂಧಿತರನ್ನು ಬಿಡಿಸುವುದು ಎಂದು ತೀರ್ಮಾನವಾಯಿತು.

ಬಂಧಿತರಲ್ಲಿ ಒಬ್ಬಳು ಇಂದ್ರಮಾನ್ ಮಾಸ್ಕೆಯ ಮಗಳು ಸಿರ್ಜನಾ, ಶಾಲೆಯ ಟೀಚರು. ಗಾಳಿಗೆ ಗೋಡೆಯ ಮೇಲಿನ ರಾಜರ ಫೋಟೋ ಕಳಚಿ ಹೆಡ್‌ಮಾಸ್ತರರ ತಲೆಯ ಮೇಲೆ ಬಿದ್ದಾಗ ಅವಳು ನಕ್ಕಿದ್ದಳು. ರಾಜಗಾಂಭೀರ್ಯಕ್ಕೆ ಧಕ್ಕೆ ತರುವ ನಗು ಎಂದು ಕೇಸಾಯಿತು. ಗಾಳಿಯ ಮೇಲೂ ದೂರು ದಾಖಲಾಗಿತ್ತು, ಆದರೆ ಅದು ತಲೆಮರೆಸಿಕೊಂಡಿತ್ತು.

ಇಂದ್ರಮಾನ್ ಬಜಾರಿನ ಏಕೈಕ ಉದ್ಘೋಷಕ. ರಾಜರ ಹುಟ್ಟುಹಬ್ಬವಿರಲಿ, ರಾಜರಿಗೆ ಧಿಕ್ಕಾರವಿರಲಿ, ಮೈಕು ಅವನದೇ. ಸಭೆ ಎಂದರೆ ಮೊದಲು ಆಸನಗ್ರಹಣ: ಯಾರು ಯಾರು ವೇದಿಕೆಗೆ ಬರಬೇಕೋ ಅವರನ್ನು ಹೆಸರು, ಪದವಿ, ಜೈಲುವಾಸದ ವಿವರಗಳ ಸಮೇತ ಒಬ್ಬೊಬ್ಬರನ್ನಾಗಿ ಕರೆದು, ಚೆಂಡುಹೂವಿನ ಹಾರ ಹಾಕಿ ಕೂರಿಸಬೇಕು. ಭಾಷಣ ತಪ್ಪಿದರೂ ನಡೆದೀತು, ಆಸನಗ್ರಹಣ ತಪ್ಪಿದ್ದಿಲ್ಲ. ಇಂದ್ರಮಾನ್ ಮೈಕಿನಲ್ಲಿ ಕರೆದರೆ ಸಾಲ್ಘಾರಿಯಲ್ಲಿ ಹೆಣವೂ ಎದ್ದು ಹೋಗಿ ಕೂರುತ್ತದೆ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಹೊಗಳಿಕೆಯಾಗಿ ಅಲ್ಲ.

ಮೊದಲ ದಿನವೇ ತೊಡಕು ಬಂತು. ನಡುವಿನ ಕುರ್ಚಿ, ಅಂದರೆ ಸಭಾಪತಿಯ ಕುರ್ಚಿ, ಯಾರದು?

“ಮೂರು ಸಲ ಜೈಲಿಗೆ ಹೋದವನು ನಾನು,” ಎಂದರು ಹಿರಿಯ ಪಕ್ಷದ ತೀರ್ಥರಾಜ್ ಘಿಮಿರೆ, ಊರಿಗೆಲ್ಲ ಬಾಜೆ, ಅಂದರೆ ಅಜ್ಜ.

“ಜೈಲಿಗೆ ದಿನಾ ಮನೆಯಿಂದ ಮೊಸರು ಬರ್ತಿತ್ತಲ್ಲ ಬಾಜೆ, ಅದೂ ಹೇಳಿ,” ಎಂದ ಬಂಡುಕೋರರ ಕಾಮ್ರೇಡ್ ಭೂಚಾಲ್. ಭೂಚಾಲ್ ಎಂದರೆ ಭೂಕಂಪ. ತಾಯಿ ಇಟ್ಟ ಹೆಸರು ಶಾಂತಿರಾಮ್.

“ನಮ್ಮ ಮೊಸರಾದ್ರೂ ನಮ್ಮ ಎಮ್ಮೇದು ಕಣಯ್ಯ. ನೀನು ಹತ್ತು ವರ್ಷ ತಿಂದ ಕೋಳಿ ಯಾರದು?”

ಉಳಿದ ಆರು ಪಕ್ಷಗಳೂ ಎಮ್ಮೆ, ಕೋಳಿಗಳ ಪರ-ವಿರೋಧ ಮಾತಾಡುವಷ್ಟರಲ್ಲಿ ಕರ್ಫ್ಯೂ ಸಡಿಲಿಕೆಯ ಅವಧಿ ಮುಗಿಯಿತು. ಬಂಧಿತರನ್ನು ಬಿಡಿಸುವ ಕಾರ್ಯಕ್ರಮವನ್ನು ಮರುದಿನಕ್ಕೆ ಮುಂದೂಡಲಾಯಿತು.

ಕೊನೆಗೆ ರಾಜಿಯಾಯಿತು: ನಡುವಿನ ಕುರ್ಚಿ ಖಾಲಿ ಇರತಕ್ಕದ್ದು. ಆದರೆ ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಯಾರಾದರೂ ಮರೆತಂತೆ ಮಾಡಿ ಕೂತುಬಿಟ್ಟಾರು. ಕೂರುವುದಕ್ಕೆ ಎದೆ ನಡುಗುವಂಥ ಕುರ್ಚಿಯೇ ಬೇಕು. ಅಂಥದ್ದು ಊರಲ್ಲಿ ಇದ್ದದ್ದು ಒಂದೇ. ರಾಜರು ಬಂದಾರೆಂದು ಮಾಡಿಸಿ, ಅವರು ಬಾರದೆ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಬಟ್ಟೆ ಹೊದ್ದು ನಿಂತಿದ್ದ ಸಿಂಹ ಕೆತ್ತಿದ ಕೈಗಳ, ಕಲ್ಲಿನಷ್ಟು ಭಾರದ ಸಾಲ್ ಮರದ ಕುರ್ಚಿ. ಕೂಡಲೇ ಅರ್ಜಿ ಹೋಯಿತು. “ವಿಷಯ: ರಾಜರ ನಿರಂಕುಶ ಆಡಳಿತವನ್ನು ಬುಡಸಮೇತ ಕಿತ್ತೊಗೆಯುವ ಸಲುವಾಗಿ ಒಂದು ಕುರ್ಚಿಯನ್ನು ಎರವಲು ನೀಡುವ ಬಗ್ಗೆ.” ಎಂಟೂ ಬಣಗಳ ಸಹಿ.

ಜಿಲ್ಲಾಧಿಕಾರಿ ಉದಯವಿಕ್ರಂ ಸಿಜಾಪತಿ ಸಾಹೇಬರು ನಿಯಮಗಳನ್ನು ತಿರುವಿ ನೋಡಿದರು. ಬಂಡಾಯಕ್ಕೆ ಕುರ್ಚಿ ಕೊಡಬಾರದೆಂದು ಎಲ್ಲೂ ಇರಲಿಲ್ಲ. “ಷರತ್ತು: ಸದರಿ ಕುರ್ಚಿಯಲ್ಲಿ ಯಾರೂ ಕೂರತಕ್ಕದ್ದಲ್ಲ,” ಎಂದು ಬರೆದು ಮಂಜೂರು ಮಾಡಿದರು. ಎಂಟು ಬಣಗಳಿಗೂ ಕಣ್ಣು ತುಂಬಿ ಬಂತು. ಸರ್ಕಾರ ತಮ್ಮ ಮನಸ್ಸನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡದ್ದು ಅದೇ ಮೊದಲು.

ಅಂದಿನಿಂದ ದಿನವೂ ಕುರ್ಚಿ ನಡುವೆ, ಅದಕ್ಕೆ ಮೊದಲ ಹಾರ. ಅದರ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ಜಗಳ. ಭೂಚಾಲನ ಬಂದೂಕಿಗೆ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟರೆ, ಹಾರವಿಲ್ಲದೆ ಅದು ಕೂರುವುದಿಲ್ಲ ಎಂದ. ಅದಕ್ಕೂ ಹಾರ ಬಂತು. ಆಸನಗ್ರಹಣ ಮುಗಿಯುವ ಹೊತ್ತಿಗೆ ವೇದಿಕೆಯ ಮೇಲೆ ಇಡೀ ಚಳವಳಿ ಕೂತಿರುತ್ತಿತ್ತು, ಎದುರಿಗೆ ಒಂದು ಕರಿಯ ಆಡು. ಅಷ್ಟರಲ್ಲಿ ಮತ್ತೆ ಕರ್ಫ್ಯೂ.

“ನಿಮ್ಮ ಕರೆಯೋದು ಮುಗಿಯೋದ್ರೊಳಗೆ ಮಗಳಿಗೆ ಅಲ್ಲೇ ತಲೆ ನರೆಯುತ್ತೆ,” ಎಂದಳು ಹೆಂಡತಿ, ಮಗಳಿಗೆಂದು ಅವಲಕ್ಕಿ ಕಟ್ಟುತ್ತ. “ಊರವರನ್ನೆಲ್ಲ ಕೂರಿಸ್ತೀರಿ. ಅವಳು ಆ ಗೂಡಿನಲ್ಲಿ ಕೂರೋಕೂ ಜಾಗ ಇಲ್ಲದೆ ನಿಂತಿದಾಳೆ.”

ಆ ಸೋಮವಾರ ಇಂದ್ರಮಾನ್ ಅವಲಕ್ಕಿ ಕೊಡಲು ಹೋದಾಗ ಇನ್ಸ್‌ಪೆಕ್ಟರ್ ಸ್ವಂತ ಅಣ್ಣನಿಗೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದ: “ನಾಳೆಯಿಂದ ಇದನ್ನ ತರಬೇಡಿ ದಾಯಿ. ಬೆಳಗ್ಗೆ ಲಾರಿ ಬರುತ್ತೆ. ಕೆಳಗೆ ತರಾಯಿ ಬಯಲಿನ ಕಡೆ ಜೈಲಿಗಂತೆ. ಯಾವ ಜೈಲು ಅಂತ ನಮಗೂ ಹೇಳಿಲ್ಲ.”

ಇಂದ್ರಮಾನ್ ನೇರ ಘಿಮಿರೆ ಬಾಜೆಯ ಹತ್ತಿರ ಹೋದ. “ಬಾಜೆ, ಇವತ್ತು ಆಸನಗ್ರಹಣ ಬಿಟ್ಟು ಸೀದಾ ಹೊರಟುಬಿಡೋಣ.”

“ಬಿಡಬಹುದಿತ್ತು ಬಾಬು. ಆದರೆ ಇವತ್ತು ಬಲಗಡೆ ಸರದಿ ನಂದು.”

ಭೂಚಾಲನನ್ನು ಕೇಳಿದ. “ಕ್ರಾಂತಿಗೆ ತ್ಯಾಗ ಬೇಕು ಕಾಕಾ,” ಎಂದ ಭೂಚಾಲ್. “ನಿಮ್ಮ ಮಗಳಿಗೆ ಲಾಲ್ ಸಲಾಂ ತಿಳಿಸಿ.”

ಇಂದ್ರಮಾನ್ ಮೈಕಿನ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡ. ಎಂಟೂ ಬಣಗಳು ಕೆಳಗೆ ಟೋಪಿ ಸರಿಪಡಿಸಿಕೊಂಡು ಕಾದಿದ್ದವು.

“ಎಲ್ಲರಲ್ಲೂ ಸವಿನಯ ವಿನಂತಿ. ಅನಿವಾರ್ಯ ಕಾರಣಗಳಿಂದ ಇಂದಿನ ವೇದಿಕೆಯನ್ನು ಪೊಲೀಸ್ ಕಚೇರಿಯ ಅಂಗಳಕ್ಕೆ ಸ್ಥಳಾಂತರಿಸಲಾಗಿದೆ. ದೊಡ್ಡ ಕುರ್ಚಿ ಅಲ್ಲಿಗೆ ಹೋಗತಕ್ಕದ್ದು. ಅದರ ಎಡಬಲದ ಆಸನಗಳು ಇವತ್ತಿನ ಮಟ್ಟಿಗೆ ಮೊದಲು ತಲುಪಿದವರಿಗೆ.”

ಎಂಟು ಬಣಗಳ ಎಂಟು ನಾಯಕರು ಒಟ್ಟಿಗೇ ಕುರ್ಚಿಗೆ ಕೈಹಾಕಿದರು. ಕುರ್ಚಿಯ ಪಕ್ಕದ ಜಾಗ ಬೇಕಾದವನು ಕುರ್ಚಿಯನ್ನು ಬಿಡಬಾರದು ಎಂಬುದು ಯಾರೂ ಕಲಿಸದೆ ಎಲ್ಲರಿಗೂ ಹೊಳೆದಿತ್ತು. ಘಿಮಿರೆ ಬಾಜೆಗೆ ಮಂಡಿನೋವೆಂಬುದು ಅವರಿಗೇ ಮರೆತುಹೋಯಿತು. ಭೂಚಾಲ್ ಬಂದೂಕನ್ನು ನಿನ್ನೆಯ ಹಾರದ ಸಮೇತ ಅಲ್ಲೇ ಬಿಟ್ಟ. ಅವರ ಹಿಂದೆ ಎರಡನೇ ಸಾಲಿನವರು, ಮೂರನೇ ಸಾಲಿನವರು. ಇವರೆಲ್ಲ ಓಡುವುದನ್ನು ಕಂಡು ಚಹಾ ಕುಡಿಯುತ್ತಿದ್ದ ಜನ, ಜನರ ಹಿಂದೆ ಆಡು. ಇಳಿಜಾರಿನ ರಸ್ತೆ ಬೇರೆ. ಸಾಲ್ ಮರದ ಸಿಂಹಗಳು ಮುಂದಾಗಿ ಹೋಗಿ ಗೇಟಿಗೆ ಗುದ್ದಿದವು, ಗೇಟು ಮಲಗಿತು.

ಈಗ ತಿಳಿಯಿತೇ?

ಪೊಲೀಸರು ತಡೆಯಲಿಲ್ಲ. ಬರುತ್ತಿದ್ದದ್ದು ರಾಜರ ಕುರ್ಚಿ. ಅದಕ್ಕೆ ಸೆಲ್ಯೂಟ್ ಹೊಡೆಯಬೇಕೆಂದು ನಿಯಮವಿತ್ತು, ಗುಂಡು ಹೊಡೆಯಬೇಕೆಂದು ಇರಲಿಲ್ಲ. ಇನ್ಸ್‌ಪೆಕ್ಟರ್ ಸೆಲ್ಯೂಟ್ ಇಳಿಸಿ, ಏದುಸಿರು ಬಿಡುತ್ತ ಮೈಕು ಹೊತ್ತು ಬಂದ ಇಂದ್ರಮಾನನ ಕಿವಿಯಲ್ಲಿ ಕೇಳಿದ: “ದಾಯಿ, ನಮ್ಮ ಅಂಗಳ ಅಲ್ವಾ, ನನ್ನನ್ನೂ ಕರೀತೀರಾ?”

“ಮೊದಲು ಬೀಗ ತೆಗಿ. ಹಾರ ಆಮೇಲೆ.”

ಬೀಗ ತೆರೆಯಿತು. ಸಿರ್ಜನಾ ಬಾತುಕೊಂಡ ಕಾಲುಗಳನ್ನು ಎಳೆಯುತ್ತ ಹೊರಗೆ ಬಂದಳು. ಎದುರಿಗೆ ಕಂಡದ್ದು ಒಂದು ಕುರ್ಚಿ. ಕೂತಳು.

“ಏಳು! ಏಳಮ್ಮ! ಏಳ್ತೀಯೋ ಇಲ್ವೋ!” ಎಂಟು ಬಣಗಳೂ ಒಂದೇ ದನಿಯಲ್ಲಿ ಕೂಗಿದವು. ಮೈತ್ರಿಯ ಇತಿಹಾಸದಲ್ಲಿ ಚರ್ಚೆಯೇ ಇಲ್ಲದೆ ಆದ ಮೊದಲ ನಿರ್ಣಯ ಅದು.

ಸಿರ್ಜನಾ ಎದ್ದಳು. ಕುರ್ಚಿಯ ಒಂದೊಂದು ಅಂಗ ಹಿಡಿದು, ಹರಿದ ಅಂಗಿಗಳಲ್ಲಿ ನಿಂತಿದ್ದ ಎಂಟು ಜನರನ್ನು ನೋಡಿದಳು. ಅವಳಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ.

ಇನ್ಸ್‌ಪೆಕ್ಟರ್ ಅಭ್ಯಾಸಬಲದಿಂದ ಪೆನ್ನು ತೆಗೆದ. “ಬರ್ಕೊಳ್ಳಿ,” ಎಂದರು ಘಿಮಿರೆ ಬಾಜೆ. “ಮೈತ್ರಿಕೂಟದ ಗಾಂಭೀರ್ಯಕ್ಕೆ ಧಕ್ಕೆ ತರುವ ನಗು.” ಭೂಚಾಲ್ ತಲೆಯಾಡಿಸಿ ಅನುಮೋದಿಸಿದ.

ಆಗ ಮೈಕು ಮತ್ತೆ ಗುರುಗುಟ್ಟಿತು. “ಶಿಕ್ಷಕಿ ಸಿರ್ಜನಾ ಮಾಸ್ಕೆಯವರು ತಮ್ಮ ತಾಯಿಯ ಅಡುಗೆಮನೆಯಲ್ಲಿ, ಒಲೆಯ ಬಲಗಡೆ, ಈ ಕೂಡಲೇ ಆಸನಗ್ರಹಣ ಮಾಡಬೇಕೆಂದು ಸವಿನಯ ವಿನಂತಿ.”

ಮೈಕಿನಲ್ಲಿ ಕರೆದಾಗಿದೆ. ಕರೆದ ಮೇಲೆ ತಡೆಯುವಂತಿಲ್ಲ. ಎಂಟು ಬಣಗಳೂ ಪೊಲೀಸರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಯಾರೋ ಒಂದು ಹಾರವನ್ನೂ ಹಾಕಿದರು. ಅವಳು ನಗುತ್ತಲೇ ಮನೆಗೆ ಹೋದಳು.

ಅದೇ ರಾತ್ರಿ ರಾಜರು ಟಿವಿಯಲ್ಲಿ ಕಾಣಿಸಿಕೊಂಡು ಸಂಸತ್ತನ್ನು ಮರಳಿ ಕೊಟ್ಟರು. ಗೇಟಿನ ಸುದ್ದಿ ಕೇಳಿಯೇ ಕೊಟ್ಟರು ಎಂಬುದರಲ್ಲಿ ಸಾಲ್ಘಾರಿಯವರಿಗೆ ಅನುಮಾನವಿಲ್ಲ. ಗೇಟು ಮುರಿದ ಕೀರ್ತಿಯನ್ನು ಎಂಟು ಬಣಗಳಿಗೆ ಸಮನಾಗಿ ಹಂಚಲಾಯಿತು, ಇನ್ಸ್‌ಪೆಕ್ಟರನಿಗೂ ಸ್ವಲ್ಪ. ಕುರ್ಚಿ ಸುಸ್ಥಿತಿಯಲ್ಲಿ ವಾಪಸಾಯಿತು. ಈಗ ರಾಜರಿಲ್ಲ, ಕುರ್ಚಿ ಇದೆ. ವರ್ಷಕ್ಕೊಮ್ಮೆ ಅದನ್ನು ಅರ್ಜಿ ಹಾಕಿ ತರುತ್ತಾರೆ, ನಡುವೆ ಇಡುತ್ತಾರೆ, ಮೊದಲ ಹಾರ ಹಾಕುತ್ತಾರೆ, ಎಡಬಲಕ್ಕೆ ಜಗಳವಾಡುತ್ತಾರೆ. ಷರತ್ತನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಕುರ್ಚಿಯ ಬೆನ್ನಿಗೆ ಹಿತ್ತಾಳೆಯ ತಗಡು ಹೊಡೆದು ಆ ದಿನವನ್ನೂ ಊರಿನ ಪಂಚಾಂಗದಂತೆ ಕೆತ್ತಿಸಿದ್ದಾರೆ: ವಿಕ್ರಮ ಸಂವತ್ ೨೦೬೩, ಬೈಶಾಖ ೧೧, ಸೋಮವಾರ.