ಡೊಳ್ಳಪ್ಪನ ಪರವಾಗಿ ನಾನೊಬ್ಬನೇ

ರಾಮದುರ್ಗ ತಾಲೂಕಿನಲ್ಲಿ ನನ್ನ ಬಾಯಿಂದ ‘ಚಲೋ ಐತಿ’ ಎಂಬ ಮಾತು ಕೇಳಿದವರು ಯಾರೂ ಇಲ್ಲ. ಕೇಳಿದ್ದೇವೆ ಎನ್ನುವವರಿದ್ದರೆ ಅವರು ಬೇರೆ ಯಾವನೋ ಸಂಗಪ್ಪನನ್ನು ಕಂಡಿರಬೇಕು. ನೋಡಿದ್ದಕ್ಕೆ, ತಿಂದದ್ದಕ್ಕೆ, ಮುಟ್ಟಿದ್ದಕ್ಕೆ ನಾನು ಅಭಿಪ್ರಾಯ ಕೊಡುತ್ತೇನೆ. ಕೊಟ್ಟ ಅಭಿಪ್ರಾಯಕ್ಕೆ ತಲೆ, ನಡು, ಬಾಲ ಎಲ್ಲವೂ ಇರುತ್ತವೆ. ಬಸ್ ನಿಲ್ದಾಣದ ಚಹಾದವನು ನನ್ನ ಮುಂದೆ ಕಪ್ಪು ಇಟ್ಟು ಒಳಗೆ ಹೋದರೆ, ನಾನು ಎದ್ದುಹೋದದ್ದು ಖಾತ್ರಿಯಾದ ಮೇಲೆಯೇ ಹೊರಗೆ ಬರುತ್ತಾನೆ. ಒಂದು ಮದುವೆಯಲ್ಲಿ ಬುಂದಿ ಲಾಡಿನ ಬಗ್ಗೆ ನಾನಾಡಿದ ಮಾತು ಕೇಳಿ ಅಡುಗೆಯವನು ಕಸುಬು ಬಿಟ್ಟು ಕುರಿ ಸಾಕುತ್ತಿದ್ದಾನೆ ಎಂದು ಜನ ಹೇಳುತ್ತಾರೆ. ಇದು ಉತ್ಪ್ರೇಕ್ಷೆ. ಅವನು ಸಾಕುತ್ತಿರುವುದು ಆಡು.

ನನ್ನ ಹೆಂಡತಿ ಮೀನಾ ಮದುವೆಯಾದಂದಿನಿಂದ ಊಟಕ್ಕೆ ಬಡಿಸಿ ‘ಹೆಂಗಾಗೇತ್ರಿ?’ ಎಂದು ಕೇಳುತ್ತ ಬಂದಿದ್ದಾಳೆ. ನಾನು ಉಪ್ಪಿನಿಂದ ಆರಂಭಿಸಿ ವಿವರಿಸುತ್ತ ಬಂದಿದ್ದೇನೆ. ನನ್ನ ವಿವರಣೆ ಮುಗಿಯುವ ಹೊತ್ತಿಗೆ ಆಕೆಯ ಮುಸುರೆ ತಿಕ್ಕುವುದೂ ಮುಗಿದಿರುತ್ತದೆ.

ಇಂಥ ನನ್ನ ಕೈಗೆ ‘ಡೊಳ್ಳಪ್ಪನ ಮನಿತನ’ ಸಿಕ್ಕಿತು. ವಾರಕ್ಕೊಂದು ಕಂತಿನಂತೆ ಯೂಟ್ಯೂಬಿನಲ್ಲಿ ಬರುವ, ನಮ್ಮ ಕಡೆಯ ಮಾತಾಡುವ ಕಾರ್ಟೂನು ಸಂಸಾರ. ಮೊದಲು ಹೊಟ್ಟೆ, ಆಮೇಲೆ ತಾನು ಎಂಬಂತೆ ಬಾಗಿಲು ದಾಟುವ ಡೊಳ್ಳಪ್ಪ, ಅವನ ಹೆಂಡತಿ ಪಾರವ್ವ, ಇಬ್ಬರಿಗಿಂತ ಬುದ್ಧಿವಂತನಾದ ಮೋತಿ ಎಂಬ ನಾಯಿ. ಆ ವಾರದ ಕಂತಿನಲ್ಲಿ ಡೊಳ್ಳಪ್ಪ ಹೆಂಡತಿಯ ಹಳೆಯ ರೊಟ್ಟಿ ಹಂಚನ್ನು ಗುಜರಿಯವನಿಗೆ ಕೊಟ್ಟು ಸೈಕಲ್ ಹಾರ್ನ್ ತರುತ್ತಾನೆ. ಅವನ ಬಳಿ ಸೈಕಲ್ ಇಲ್ಲ. ಪಾರವ್ವ ಒಂದೂ ಮಾತಾಡದೆ ನಾಯಿಯನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ. ಕೊನೆಗೆ ಡೊಳ್ಳಪ್ಪ ಹಾರ್ನ್ ಊದುತ್ತ ಅಲ್ಲಿಗೆ ಹೋಗಿ, ಬೀದಿಯಲ್ಲಿ ನಿಂತು, ತಪ್ಪಾಯಿತು ಎನ್ನುತ್ತಾನೆ.

ನನ್ನ ಮೈ ಉರಿಯಿತು. ತಪ್ಪೇನು? ಹಳೆ ಹಂಚು ಹೋಗಬೇಕು, ಹೊಸ ಹಂಚು ಬರಬೇಕು, ಲೋಕ ನಡೆಯುವುದೇ ಹೀಗೆ ಎಂದು ಮೀನಾಳಿಗೆ ಹೇಳಿದೆ. ರಾಮದುರ್ಗದ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ, ಅದರಲ್ಲಿ ಹಂಚುಗಳ ರಾಶಿಯೇ ಇದೆ ಎಂಬುದಕ್ಕೂ ಈ ಅಭಿಪ್ರಾಯಕ್ಕೂ ಯಾವ ಸಂಬಂಧವೂ ಇಲ್ಲ.

ಮೀನಾ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇಷ್ಟು ಚಲೋ ಕಂತು ಇದುವರೆಗೆ ಬಂದಿಲ್ಲ ಎಂದಳು. ಪಳಗಿದ ಹಂಚು ಎಂದರೆ ಏನೆಂದು ಹಂಚು ಮಾರುವವರಿಗೆ ತಿಳಿಯುವುದಿಲ್ಲ ಎಂದೂ ಸೇರಿಸಿದಳು. ಕೆಳಗೆ ನೋಡುಗರ ಅಭಿಪ್ರಾಯಗಳನ್ನು ತೆಗೆದು ನೋಡಿದರೆ ಲೋಕವೆಲ್ಲ ಆಕೆಯ ಕಡೆಗೇ ಇತ್ತು. ಬೈಲಹೊಂಗಲದ ಒಬ್ಬಾಕೆ ತನ್ನ ತಾಯಿಯನ್ನೇ ಕಂಡಂತಾಯಿತು ಎಂದು ಬರೆದಿದ್ದಳು. ಸವದತ್ತಿಯ ಒಬ್ಬ ಗಂಡಸು, ಗಂಡಸಾಗಿಯೂ, ಅತ್ತಿದ್ದ. ಡೊಳ್ಳಪ್ಪ ತಮ್ಮೂರಲ್ಲಿದ್ದಿದ್ದರೆ ಕೋಟೆಯ ಮೇಲಿಂದ ಇಳಿಸುತ್ತಿದ್ದೆವು, ಮೆಟ್ಟಿಲಿನಿಂದಲ್ಲ, ಎಂದು ಕಿತ್ತೂರಿನಿಂದ ಒಬ್ಬರು ಬರೆದಿದ್ದರು. ಡೊಳ್ಳಪ್ಪನ ಪರವಾಗಿ ಒಂದೇ ಒಂದು ಅಕ್ಷರವಿಲ್ಲ. ಆ ಅಕ್ಷರ ನಾನೇ ಆಗಬೇಕೆಂದು ಅಲ್ಲೇ ಸಂಕಲ್ಪ ಮಾಡಿದೆ.

ಮರುದಿನ ಮೀನಾ ಶಾವಿಗೆ ಹೊಸೆಯಲು ತೊರಗಲ್ಲಿನ ತವರಿಗೆ ಹೊರಟವಳು ಹೊಸ್ತಿಲಲ್ಲಿ ಚೀಲ ಇಳಿಸಿ ನಿಂತಳು.

“ಸೋಮಾರ ಬರ್ತೇನಿ. ಅಲ್ಲೀತನಕ ಚುರುಮುರಿ ತಿನ್ರಿ, ಮಕ್ಕೋರಿ, ಏನರ ಮಾಡ್ರಿ. ಆ ಡೊಳ್ಳಪ್ಪನ ಪರ ಮಾತ್ರ ಬರೀಬ್ಯಾಡ್ರಿ. ಬರದ್ದು ಗೊತ್ತಾತಂದ್ರ ನಾ ತಿರಗಿ ಬರಾಂಗಿಲ್ಲ ನೋಡ್ರಿ.”

ಚೀಲ ಎತ್ತುವಾಗ ಅದು ಯಾಕೋ ಭಾರವಾಗಿ ಕಂಡಿತು. ಶಾವಿಗೆ ಹೊಸೆಯಲು ಹೋಗುವವಳಿಗೆ ಇಷ್ಟು ಭಾರವೇಕೆ ಎಂದು ಅಭಿಪ್ರಾಯ ಕೊಡುವಷ್ಟರಲ್ಲಿ ಆಕೆ ಓಣಿ ದಾಟಿದ್ದಳು.

ಶನಿವಾರ ಸುರೇಬಾನದಲ್ಲಿ ಒಂದು ಮನೆಗೆ ಪಾತ್ರೆ ಮುಟ್ಟಿಸಿ ಬಸ್ಸಿನಲ್ಲಿ ಹಿಂತಿರುಗುತ್ತಿದ್ದೆ. ಹೊಟ್ಟೆಯಲ್ಲಿ ಬರೀ ಚುರುಮುರಿ, ತಲೆಯಲ್ಲಿ ಬರೀ ಡೊಳ್ಳಪ್ಪ. ಮೊಬೈಲಿನಲ್ಲಿ ಕನ್ನಡ ಒತ್ತಲು ನನ್ನ ಬೆರಳು ದಪ್ಪ. ಆದ್ದರಿಂದ ನಾನು ಮಾತಾಡುತ್ತೇನೆ, ಅದು ಬರೆದುಕೊಳ್ಳುತ್ತದೆ. ಘನವಾದ ವಿಮರ್ಶೆಯಲ್ಲಿ ಡೊಳ್ಳಪ್ಪ, ಪಾರವ್ವ ಎಂದೆಲ್ಲ ಹೆಸರು ಹಿಡಿದು ಕರೆಯುವುದು ಹಗುರವೆನಿಸಿ, ‘ಗಂಡ’, ‘ಹೆಂಡತಿ’ ಎಂದಷ್ಟೇ ಹೇಳುವುದೆಂದು ನಿಶ್ಚಯಿಸಿದೆ. ಇಡೀ ಅನಾಹುತದಲ್ಲಿ ನಾನು ಶೈಲಿಗಾಗಿ ಮಾಡಿದ ಕೆಲಸ ಇದೊಂದೇ.

“ಹಂಚು ಮಾರಿದ್ದರಲ್ಲಿ ಗಂಡನ ತಪ್ಪೇನೂ ಇಲ್ಲ ಪೂರ್ಣವಿರಾಮ” ಎಂದೆ.

ಬಸ್ಸಿನ ಗದ್ದಲದಲ್ಲಿ ಮೊಬೈಲಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. ಡ್ರೈವರ್ ಗೇರು ಬದಲಿಸಿದ. ಮೂರನೆಯ ಸಲ ಹಿಂದಿನ ಸೀಟಿನಲ್ಲಿ ಮಲಗಿದ್ದವರೂ ಎದ್ದು ಕೂತರು.

“ಇಷ್ಟಕ್ಕೇ ತವರಿಗೆ ಹೋದ ಹೆಂಡತಿಯನ್ನು ಕರೆಯಲು ಹೋಗುವುದು ಗಂಡಸಿಗೆ ಶೋಭೆಯಲ್ಲ ಪೂರ್ಣವಿರಾಮ. ಅವಳು ಅಲ್ಲೇ ಇರಲಿ ಪೂರ್ಣವಿರಾಮ. ನಾಯಿಯನ್ನು ಮಾತ್ರ ವಾಪಸ್ ಕಳಿಸಲಿ ಪೂರ್ಣವಿರಾಮ.”

ಬಸ್ಸು ಯಾಕೋ ನಿಶ್ಶಬ್ದವಾಗಿತ್ತು. ನನ್ನ ವಿಚಾರದ ತೂಕ ಅಂಥದು ಎಂದುಕೊಂಡೆ. ಕಂಡಕ್ಟರ್ ಹತ್ತಿರ ಬಂದು ಬಾಗಿ, “ಸರ, ತಿಳದವರದೀರಿ. ಒಂದ ಸಲ ಹೋಗಿ ಕರಕೊಂಡ ಬಂದಬಿಡ್ರಿ” ಎಂದ. ಇವನೂ ಕಂತು ನೋಡಿದ್ದಾನೆ ಎಂದು ಖುಷಿಯಾಗಿ, ಹೋದದ್ದೇ ತಪ್ಪೆಂದು ಹೇಳುತ್ತಿದ್ದೇನೆ ಎಂದೆ. ಅವನು ನಿಟ್ಟುಸಿರು ಬಿಟ್ಟು ಮುಂದಿನ ಸೀಟಿಗೆ ಹೋದ. ಆ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಒಮ್ಮೆ ಹಿಂತಿರುಗಿ ನನ್ನನ್ನು ನೋಡಿ ಮತ್ತೆ ಮುಂದೆ ತಿರುಗಿದಳು. ಎಲ್ಲೋ ನೋಡಿದ ಮುಖ ಅನಿಸಿತು. ರಾಮದುರ್ಗ ಬರುವಷ್ಟರಲ್ಲಿ ಅಭಿಪ್ರಾಯ ಪ್ರಕಟವಾಗಿತ್ತು, ನಾನು ಜಯಶಾಲಿಯಾಗಿದ್ದೆ.

ಆ ಮುದುಕಿ ಕೆಂಚವ್ವ. ತೊರಗಲ್ಲಿನಲ್ಲಿ ನನ್ನ ಅತ್ತೆಯ ಮನೆಯ ಎದುರು ಮನೆಯಾಕೆ. ಇದು ನನಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಅಂಗಡಿಯ ಮುಂದೆ ಟಂಟಂ ನಿಂತು ಅದರಿಂದ ಆಕೆ ಮೊದಲು ಇಳಿದಾಗ. ಹಿಂದೆ ಮೀನಾಳ ತಮ್ಮ ಕಲ್ಮೇಶ. ಅವನ ಹಿಂದೆ ಮೀನಾಳ ದೊಡ್ಡಪ್ಪ ನಿಜಗುಣಪ್ಪನವರು. ತೊರಗಲ್ಲಿನಲ್ಲಿ ಯಾವ ಗಂಡಹೆಂಡಿರ ಜಗಳವೂ ಈ ಹಿರಿಯರು ಬಂದು ಕೂಡುವ ತನಕ ಮುಗಿಯುವುದಿಲ್ಲ. ಕೂತ ಮೇಲೆ ಮುಂದುವರಿಯುವ ಧೈರ್ಯ ಯಾರಿಗೂ ಇಲ್ಲ.

ಅವರು ಚಾಪೆಯ ಮೇಲೆ ಕೂತು ತಲೆಗೆ ಸುತ್ತಿದ್ದ ಪಟಗಾ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ನೀರು ಬೇಡವೆಂದರು. ಬೀಗರ ಮನೆಯಲ್ಲಿ ನೀರು ಬೇಡವೆಂದರೆ ವಿಷಯ ಗಂಭೀರವೆಂದೇ ಅರ್ಥ.

“ಅಳಿಯಂದ್ರ, ಹಂಚು ಎಲ್ಲೈತಿ?”

ಯಾವ ಹಂಚು ಎಂದು ಕೇಳಿದೆ. ಸುತ್ತ ಗೋಡೆಗುಂಟ ಹಂಚುಗಳೇ ಇದ್ದವು. ಅವರು ಒಂದೊಂದನ್ನೂ ನೋಡಿ, ಇಷ್ಟೆಲ್ಲ ಇಟ್ಟುಕೊಂಡು ಹೆಂಡತಿಯದನ್ನು ಮಾರಿದಿರಲ್ಲ ಎಂದರು. ಕೆಂಚವ್ವ ಬಸ್ಸಿನ ವೃತ್ತಾಂತವನ್ನು ನನಗಿಂತ ಚೆನ್ನಾಗಿ ಒಪ್ಪಿಸಿದಳು. ಮಾತುಮಾತಿಗೂ ಪೂರ್ಣವಿರಾಮ ಎನ್ನುತ್ತಿದ್ದ, ಸಂಸಾರಕ್ಕೇ ಪೂರ್ಣವಿರಾಮ ಇಟ್ಟಿದ್ದಾನೆ ಎಂದಳು.

ನನಗೆ ಆಗ ಬೆಳಕಾಯಿತು. ನಕ್ಕುಬಿಟ್ಟೆ. ನಗಬಾರದಿತ್ತು. ಅದು ಕಾರ್ಟೂನು, ನಾನು ಹೇಳಿದ್ದು ಡೊಳ್ಳಪ್ಪನ ಬಗ್ಗೆ ಎಂದೆ. ಕಾರ್ಟೂನು ಸಣ್ಣ ಹುಡುಗರದು, ನಿಮಗೆ ಐವತ್ತು ಆಗಿ ಹೋಯಿತು ಎಂದರು ನಿಜಗುಣಪ್ಪನವರು. ಹಾಗಾದರೆ ಇರಲಿ, ಮೀನಾಳ ಹಂಚನ್ನೇ ತೋರಿಸುತ್ತೇನೆ ಎಂದು ಎದೆ ಉಬ್ಬಿಸಿ ಅಂಗಡಿಯ ಹಿಂದೆಯೇ ಇರುವ ನಮ್ಮ ಮನೆಯ ಅಡುಗೆಮನೆಗೆ ಹೋದೆ. ಒಲೆಯ ಮೇಲಿಲ್ಲ. ಗೂಟದಲ್ಲಿಲ್ಲ. ಮೂಲೆಯಲ್ಲಿಲ್ಲ. ಹಿಟ್ಟಿನ ಡಬ್ಬಿಯೊಳಗೂ ನೋಡಿದೆ. ನಾನೇ ಮಾರಿಬಿಟ್ಟೆನೇ ಎಂಬ ಅನುಮಾನ ನನಗೇ ಬಂತು. ಬರಿಗೈಯಲ್ಲಿ ಹೊರಗೆ ಬಂದಾಗ ಮೂವರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಉಳಿದಿದ್ದ ಒಂದೇ ಸಾಕ್ಷಿಯನ್ನು ಮುಂದಿಟ್ಟೆ. “ಮಾವಾರ, ನಾ ನಾಯಿ ವಾಪಸ್ ಕಳಸ್ರಿ ಅಂದೇನಿ. ನಮ್ಮ ಮನ್ಯಾಗ ನಾಯಿ ಐತೇನ್ರಿ?”

“ಅದನ್ನೂ ಮಾರ್ಯಾನ” ಎಂದಳು ಕೆಂಚವ್ವ.

ಕೊನೆಗೆ ಕಲ್ಮೇಶನೇ, ಮಾಮಾ ಹೇಳುವ ಕಾರ್ಟೂನನ್ನು ಒಮ್ಮೆ ನೋಡಿಯೇ ಬಿಡೋಣ ಎಂದು ಒಳಗಿನ ಟೀವಿಯಲ್ಲಿ ಹಾಕಿದ. ಹಿರಿಯರು ಮೊದಲು ಗೋಡೆಯ ಕಡೆ ಮುಖ ಮಾಡಿದ್ದರು. ಡೊಳ್ಳಪ್ಪ ಹಂಚು ಹಿಡಿದು ಹಿತ್ತಿಲ ಬಾಗಿಲಿನಿಂದ ನುಸುಳುವಾಗ ತಿರುಗಿದರು. ಆಮೇಲೆ ಕಣ್ಣು ಕೀಳಲಿಲ್ಲ.

“ನಿಲ್ಲಸು. ಈ ಹುಡುಗಿ ತವರು ಯಾವೂರು?”

ಕತೆಯಲ್ಲಿ ಹೇಳಿಲ್ಲ ಎಂದೆ. ತವರು ಗೊತ್ತಿಲ್ಲದೆ ಜಗಳ ಹೇಗೆ ಬಗೆಹರಿಯುತ್ತದೆ ಎಂದು ಅವರು ಬೇಸರಪಟ್ಟರು. ಡೊಳ್ಳಪ್ಪನಿಗೆ ಹೊಲ ಎಷ್ಟು, ಗುಜರಿಯವನನ್ನು ಕರೆಸಿ ಯಾಕೆ ಕೇಳಲಿಲ್ಲ, ಹಿರಿಯರು ಒಬ್ಬರೂ ಯಾಕೆ ಬಂದಿಲ್ಲ ಎಂದು ನಡುನಡುವೆ ನಿಲ್ಲಿಸಿ ವಿಚಾರಣೆ ನಡೆಸಿದರು. ಕೆಂಚವ್ವ ಪಾರವ್ವನ ಕೈಯನ್ನೇ ದಿಟ್ಟಿಸಿ, “ಪಾಪ, ಕೈಗೆ ನಾಕ ಬೆರಳದಾವ. ಆದ್ರೂ ಎಷ್ಟ ತೆಳ್ಳಗ ಬಡೀತಾಳ” ಎಂದಳು. ಡೊಳ್ಳಪ್ಪ ಹಾರ್ನ್ ಊದುತ್ತ ಬೀದಿಯಲ್ಲಿ ನಿಂತು ತಪ್ಪಾಯಿತು ಎಂದಾಗ ನಿಜಗುಣಪ್ಪನವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಬರೀ ತಪ್ಪಾಯಿತು ಎಂದರೆ ಸಾಲದು, ಹಂಚು ತಿರುಗಿ ಬರಬೇಕು ಎಂಬ ಅಭಿಪ್ರಾಯ ಟವೆಲ್ಲಿನೊಳಗಿಂದ ಬಂತು.

ನಾನು ಗೆದ್ದಿದ್ದೆ. ಹಂಚು ಮಾರಿದವನು ಡೊಳ್ಳಪ್ಪ, ನಾನಲ್ಲ. ಈಗ ನೀರು ಕೇಳಿ ಕುಡಿದರು ಕೂಡ. ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ನಿಜಗುಣಪ್ಪನವರಿಗೆ ಉಳಿದ ಮಂದಿ ಏನನ್ನುತ್ತಾರೆ ಎಂದು ತಿಳಿಯುವ ಆಸೆಯಾಯಿತು. ಕಲ್ಮೇಶ ಒಂದೊಂದೇ ಓದಿದ. ಬೈಲಹೊಂಗಲದ ತಾಯಿಗೆ ತಲೆದೂಗಿದರು. ಕಿತ್ತೂರಿನ ಕೋಟೆಗೆ ಭೇಷ್ ಎಂದರು. ಆಮೇಲೆ ಕಲ್ಮೇಶ ಕೆಮ್ಮಿ, ‘ಸಂಗಪ್ಪ, ಸ್ಟೀಲ್ ಪಾತ್ರೆ ಅಂಗಡಿ, ರಾಮದುರ್ಗ’ ಎಂದು ಓದಿ, ಕೆಳಗಿನದನ್ನೂ ಪೂರ್ತಿ ಓದಿದ.

ಟೀವಿಯಲ್ಲಿ ಡೊಳ್ಳಪ್ಪ ಬಾಯಿ ತೆರೆದು ನಿಂತೇ ಇದ್ದ.

“ಅಂದ್ರ ಅಳಿಯಂದ್ರ, ನೀವು ಮಾರಿಲ್ಲ” ಎಂದರು ಹಿರಿಯರು. “ಮಾರಿದವನ ಪರ ಅದೀರಿ.”

ತೀರ್ಪು ಸರಳವಾಗಿತ್ತು. ಬಸ್ಸು ತುಂಬ ಮಂದಿಯ ಮುಂದೆ ಹೇಳಿದ್ದನ್ನು ಈಗ ತೊರಗಲ್ಲಿಗೆ ಬಂದು, ಮೀನಾಳ ಎದುರು, ಅಷ್ಟೇ ಮಂದಿಯ ಮುಂದೆ ಹೇಳಬೇಕು. ಆಮೇಲೆ ಆಕೆ ಬರುವುದು ಬಿಡುವುದು ಆಕೆಯ ಮನಸ್ಸು.

ಟಂಟಂನಲ್ಲಿ ಕೆಂಚವ್ವನ ಪಕ್ಕ ಕೂತು ನಾನು ಭಾಷಣ ಸಿದ್ಧಪಡಿಸಿಕೊಂಡೆ. ಹೆದರಿ ಅಭಿಪ್ರಾಯ ಬದಲಿಸುವ ವಂಶ ನಮ್ಮದಲ್ಲ. ಕಬ್ಬಿಣದ ಗುಣಧರ್ಮದಿಂದ ಆರಂಭಿಸಿ, ಗೃಹಸ್ಥಾಶ್ರಮದ ಮೇಲೆ ಹಾದು, ಡೊಳ್ಳಪ್ಪನ ಒಳಮನಸ್ಸಿಗೆ ಇಳಿಯುವುದೆಂದು ಯೋಜಿಸಿದೆ. ತೊರಗಲ್ಲಿನ ಕೋಟೆ ಕಾಣುವ ಹೊತ್ತಿಗೆ ಪೀಠಿಕೆ ಬಾಯಿಪಾಠವಾಗಿತ್ತು.

ಅಂಗಳದ ತುಂಬ ಹೊರಸಿನ ಮೇಲೆ ಶಾವಿಗೆ ಒಣಗುತ್ತಿತ್ತು. ಅದರ ಸುತ್ತ ಓಣಿಯ ಹೆಂಗಸರೆಲ್ಲ ಕೂತಿದ್ದರು. ಬಸ್ಸಿಗಿಂತ ಹೆಚ್ಚೇ ಇದ್ದರು. ಒಲೆಯ ಮುಂದೆ ಮೀನಾ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲೆ ಅವಳದೇ ಹಂಚು.

“ಇದು ಇಲ್ಲಿ ಹೆಂಗ ಬಂತು?” ಎಂದೆ.

“ಚೀಲದಾಗ ಹಾಕ್ಕೊಂಡ ಬಂದೆ. ನಿಮ್ಮ ಅಭಿಪ್ರಾಯ ಕೇಳಿದ ಮ್ಯಾಲೆ ಮನ್ಯಾಗ ಬಿಟ್ಟ ಬರಾಕ ಧೈರ್ಯ ಆಗ್ಲಿಲ್ಲ.”

ಹಾಗಾದರೆ ಕೆಂಚವ್ವ ಬಂದು ಹೇಳಿದಾಗ ನಿನಗೆ ತಿಳಿಯಲಿಲ್ಲವೇ ಎಂದು ಕೇಳಿದೆ. ನಾಯಿಯ ಮಾತು ಬಂದಾಗಲೇ ತಿಳಿಯಿತು ಎಂದಳು. ಮತ್ತೆ ದೊಡ್ಡಪ್ಪನಿಗೆ ಹೇಳಲಿಲ್ಲವೇಕೆ ಎಂದೆ. ಮೀನಾ ರೊಟ್ಟಿ ತಿರುವಿ ಹಾಕಿದಳು.

“ನೀವು ನಾ ಬರೀಬ್ಯಾಡ್ರಿ ಅಂದ್ರೂ ಬರದ್ರಿ. ದೊಡ್ಡಪ್ಪ ಏನಾತು ಹೇಳು ಅಂದ್ರೂ ನಾ ಹೇಳ್ಲಿಲ್ಲ. ಲೆಕ್ಕ ಸರಿ ಹೋತಲ್ರಿ.”

ನಿಜಗುಣಪ್ಪನವರು ಗಂಟಲು ಸರಿಪಡಿಸಿಕೊಂಡು, ಅಳಿಯಂದಿರು ಮಾತಾಡಲಿ ಎಂದರು. ಹೆಂಗಸರು ಕೈ ನಿಲ್ಲಿಸಿದರು. ನಾನು ಧೋತರ ಸರಿಪಡಿಸಿಕೊಂಡು ಎದ್ದು ನಿಂತೆ. ಅದೇ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಎಲ್ಲೂ ಹತ್ತದೆ, ಎಲ್ಲೂ ಹರಿಯದೆ, ಹುಣ್ಣಿಮೆಯ ಹಾಗೆ ಉಬ್ಬಿತು. ಅದರ ವಾಸನೆ ಮೂರು ದಿನದ ಚುರುಮುರಿಯನ್ನು ದಾಟಿ ನೇರ ಪೀಠಿಕೆಯ ಮೇಲೆ ಬಂದು ಕೂತಿತು. ಕಬ್ಬಿಣದ ಗುಣಧರ್ಮ ಮರೆತುಹೋಯಿತು. ಗೃಹಸ್ಥಾಶ್ರಮವೂ ಹೋಯಿತು. ಡೊಳ್ಳಪ್ಪ ಒಬ್ಬನೇ ಉಳಿದ, ಅವನೂ ಹಾರ್ನ್ ಹಿಡಿದು ಬೀದಿಯಲ್ಲಿ ನಿಂತಿದ್ದ.

ಮೀನಾ ಆ ರೊಟ್ಟಿಯನ್ನು ತಾಟಿಗೆ ಹಾಕಿ, ಬದನೆಕಾಯಿ ಎಣಗಾಯಿ ಬಡಿಸಿ, ಮೇಲೆ ಬೆಣ್ಣೆ ಇಟ್ಟಳು. ತಾಟನ್ನು ನನ್ನ ಕಡೆ ಚಾಚಿದಳು, ಕೈ ಮಾತ್ರ ಬಿಡಲಿಲ್ಲ.

“ಈಗ ಹೇಳ್ರಿ. ಆ ಕಂತು ಹೆಂಗಿತ್ತು?”

ಇಡೀ ತೊರಗಲ್ಲು ಕಾಯುತ್ತಿತ್ತು.

“ಚಲೋ ಇತ್ತು” ಎಂದೆ.