ಸಿದ್ದಾಪುರಕ್ಕೆ ಬಂದ ತಿಮಿಂಗಿಲ

ಚನ್ನಬಸವ ಕೈ ಎತ್ತಿದ್ದು ಮೂಗಿನ ಮೇಲೆ ಕೂತ ನೊಣ ಓಡಿಸುವುದಕ್ಕೆ. ಅದೇ ಗಳಿಗೆಯಲ್ಲಿ ಹೆಡ್‌ಮೇಡಂ ದೇವಕಿಯವರು, "ಹಾಗಾದ್ರೆ ತಿಮಿಂಗಿಲ ಯಾರು ಆಗ್ತೀರಿ?" ಎಂದು ಕೇಳಿಬಿಟ್ಟಿದ್ದರು.

ಸಿದ್ದಾಪುರದ ಆ ಹೈಸ್ಕೂಲಿನ ಗುಮಾಸ್ತ ಚನ್ನಬಸವನಿಗೆ ಮೀಟಿಂಗುಗಳಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುವ ಅಭ್ಯಾಸ. ಮಧ್ಯಾಹ್ನ 'ಸಮುದ್ರ ಉಳಿಸಿ' ಜಾಥಾ ಇದೆ, ಶಾಲೆಗೊಂದು ವೇಷದ ಸ್ಪರ್ಧೆಯಿದೆ, ತಿಮಿಂಗಿಲವಾಗಬೇಕಿದ್ದ ಪಿ.ಟಿ. ಮಾಸ್ತರರ ಸೊಂಟ ಹಿಡಿದುಕೊಂಡಿದೆ ಎಂಬ ಯಾವ ಸುದ್ದಿಯೂ ಅವನ ಕಿವಿಗೆ ಬಿದ್ದಿರಲಿಲ್ಲ. ಚಪ್ಪಾಳೆಯ ಸದ್ದಿಗೆ ಎಚ್ಚರವಾಗುವಷ್ಟರಲ್ಲಿ ಅವನು ತಿಮಿಂಗಿಲವಾಗಿ ಹೋಗಿದ್ದ.

"ಮೇಡಂ, ನಾ ಬನವಾಸಿ ಕಡಿಯಾಂವ ಅದೇನ್ರಿ. ಸಮುದ್ರಾನ ಎರಡ ಸಲ ನೋಡೇನಿ, ಅದೂ ಬಸ್ಸಿನ ಕಿಟಕ್ಯಾಗಿಂದ."

"ತಿಮಿಂಗಿಲ ಎಂತ ಭಾಷಣನೂ ಮಾಡೂದಿಲ್ಲ, ನಡೆದ್ರೆ ಸಾಕು. ಇದೊಂದು ಮಾಡಿಬಿಡಿ. ಬಹುಮಾನ ಬಂದ್ರೆ ಈ ವರ್ಷ ಯಾವ ಕಮಿಟಿಗೂ ನಿಮ್ಮ ಹೆಸರು ಹಾಕೂದಿಲ್ಲ."

ಆ ಮಾತಿಗೆ ಚನ್ನಬಸವ ಕರಗಿಹೋದ. ಚುನಾವಣೆ, ಜನಗಣತಿ, ಬಿಸಿಯೂಟ, ಕ್ರೀಡಾಕೂಟ, ಎಲ್ಲ ಡ್ಯೂಟಿಗಳೂ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದವು.

ತಿಮಿಂಗಿಲವನ್ನು ತಯಾರು ಮಾಡಿದವನು ಡ್ರಾಯಿಂಗ್ ಮಾಸ್ತರ ಉದಯ. ಬಿದಿರಿನ ಚೌಕಟ್ಟಿಗೆ ಕಪ್ಪು ತಾಡಪತ್ರಿ ಸುತ್ತಿ, ಸುತ್ತಲೂ ಬಾಟಲಿ, ಚಿಪ್ಸ್ ಪ್ಯಾಕೆಟ್ಟು, ಹರಿದ ಚಪ್ಪಲಿಗಳನ್ನು ತೂಗುಬಿಟ್ಟಿದ್ದ.

"ಇಷ್ಟ್ಯಾಕ್ರಿ ಕಸಾ?"

"ನಮ್ಮೂರ ಗಟಾರಕ್ಕೆ ಒಗೆದ ಪ್ಲಾಸ್ಟಿಕ್ ಕೊಟ್ಟೆ, ಚೀಲ ಎಲ್ಲ ಅಘನಾಶಿನಿ ಹೊಳೆ ಹಿಡ್ಕೊಂಡು ಸೀದಾ ಸಮುದ್ರಕ್ಕೆ ಹೋಗ್ತದೆ ಸಾರ್. ಅಲ್ಲಿ ತಿಮಿಂಗಿಲ ಅದನ್ನ ತಿಂಡಿ ಅಂದ್ಕೊಂಡು ನುಂಗ್ತದೆ. ಹೊಟ್ಟೆ ಒಳಗಿದ್ದದ್ದು ಜನಕ್ಕೆ ಕಾಣ್ಬೇಕಲ್ಲ, ಅದಕ್ಕೇ ಹೊರಗೆ ಕಟ್ಟಿದೆ."

"ಮತ್ತ ಈ ಕೆಂಪು ನಾಲಿಗಿ?"

"ಅದಕ್ಕೆ ಸುಸ್ತಾಗಿದೆ ಅಂತ ತೋರಿಸ್ಲಿಕ್ಕೆ."

ಮೂರು ಗಂಟೆಗೆ ಜಾಥಾ ಹೊರಟಿತು. 'ನಾನು ತಿಮಿಂಗಿಲ, ನನ್ನ ಹೊಟ್ಟೆ ನೋಡಿ' ಎಂಬ ಬೋರ್ಡು ಹಿಡಿದು ಉದಯ ಮುಂದೆ, ಚನ್ನಬಸವ ಹಿಂದೆ. ಬಾಯಿಯ ಸಂದಿಯಿಂದ ಅವನಿಗೆ ಕಾಣುತ್ತಿದ್ದದ್ದು ಎರಡು ಮಾರು ರಸ್ತೆ ಮಾತ್ರ. ಒಳಗೆ ಇಡ್ಲಿ ಪಾತ್ರೆಯ ಸೆಕೆ.

"ಎಂತದಾ ಇದು, ಕಾಡುಕೋಣನಾ?" ಎಂದು ಯಾರೋ ಕೇಳಿದರು.

"ಅಲ್ದಾ ಮಾರಾಯಾ, ರೋಡ್ ರೋಲರ್ರು," ಎಂದು ಇನ್ಯಾರೋ ತಿದ್ದಿದರು.

ಪೇಟೆಯ ತಿರುವಿನಲ್ಲಿ ತಿಮಿಂಗಿಲದ ಬಾಲ ಕಮಲಾಕರ ಶೇಟರ ಬಟ್ಟೆ ಅಂಗಡಿಯ ಗೊಂಬೆಗೆ ಸಿಕ್ಕಿಕೊಂಡಿತು. ಸೀರೆಯುಟ್ಟ ಗೊಂಬೆ ಮದುವಣಗಿತ್ತಿಯಂತೆ ಹತ್ತು ಹೆಜ್ಜೆ ಹಿಂದೆಯೇ ಬಂತು. ಶೇಟರು, "ಏ ಮೀನೇ, ನಿಲ್ಲು! ನನ್ನ ಗೊಂಬೆ ಬಿಡು!" ಎಂದು ಕೂಗುತ್ತ ಓಡಿಬಂದು ಬಾಲ ಹಿಡಿದು ಜಗ್ಗಿದರು. ಗೊಂಬೆ ಬಿಟ್ಟುಕೊಂಡಿತು, ಸೀರೆ ಬಾಲದಲ್ಲೇ ಉಳಿಯಿತು. ಈ ಗಲಾಟೆಯ ನಡುವೆ ಉದಯ, "ಎರಡೇ ನಿಮಿಷ ಸಾರ್, ಒಂದು ಚಾ ಕುಡ್ದು ಬಂದೆ," ಎಂದು ಬೋರ್ಡಿನ ಸಮೇತ ಮಾಯವಾದ. ಜಾಥಾ ಮುಂದೆ ಹೋಗಿಬಿಟ್ಟಿತ್ತು. ಘೋಷಣೆಯ ಸದ್ದು ಬಂದ ದಿಕ್ಕಿಗೆ ತಿಮಿಂಗಿಲ ಒಂಟಿಯಾಗಿ ದೌಡಾಯಿಸಿತು.

ಅತ್ತ ಜಾಥಾ ಸೇರಬೇಕಿದ್ದ ಮೈದಾನದಲ್ಲಿ ಮಹಿಳಾ ಸಂಘದ ಅಧ್ಯಕ್ಷೆ ದ್ಯಾವಮ್ಮ ನಲವತ್ತು ಹೆಂಗಸರನ್ನು ಪೊರಕೆ ಸಮೇತ ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಾರ್ಯಕ್ರಮದ ಕೊನೆಗೆ ಯುವಕ ಸಂಘದವರ 'ಪ್ಲಾಸ್ಟಿಕ್ ರಾಕ್ಷಸ' ಬರಬೇಕು, ಹೆಂಗಸರು ಅದನ್ನು ಹೊಡೆದೋಡಿಸಬೇಕು. ಆ ರಾಕ್ಷಸನನ್ನು ಹೊತ್ತ ಟೆಂಪೋ ದೊಡ್ಮನೆ ಊರಿನ ಹತ್ತಿರ ಪಂಕ್ಚರಾಗಿ ನಿಂತಿದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರ್ಧ ತಾಸು ಬಿಸಿಲಲ್ಲಿ ನಿಂತ ಸಿಟ್ಟು ಪೊರಕೆಯ ತುದಿಯವರೆಗೂ ಏರಿತ್ತು.

ಅಷ್ಟರಲ್ಲಿ ಗೇಟಿನೊಳಗೆ ನುಗ್ಗಿತು, ಕರಿ ಮೈ, ಕೆಂಪು ನಾಲಿಗೆ, ಬಾಟಲಿಗಳ ಗಡಗಡ!

"ಬಂತ್ರೇ ರಾಕ್ಷಸ!" ದ್ಯಾವಮ್ಮ ಗುಡುಗಿದಳು. "ಯಾರದ್ದೋ ಸೀರೆ ಬೇರೆ ಎಳ್ಕಂಡು ಬಂದದೆ! ಹಾಕ್ರೇ!"

ನಲವತ್ತು ಪೊರಕೆಗಳು ಒಟ್ಟಿಗೆ ಬಿದ್ದವು.

"ತಿಮಿಂಗಿಲ್ರೀ! ನಾ ತಿಮಿಂಗಿಲಾ!" ಎಂದು ಚನ್ನಬಸವ ಬಾಯಿ ಬಡಿದುಕೊಂಡ. ತಾಡಪತ್ರಿಯ ಒಳಗಿಂದ ಅದು ಸರಿಯಾಗಿ ಕೇಳಲಿಲ್ಲ.

"ತಿಂದು ನುಂಗ್ತೆ ಅಂತದಲ್ರೇ!" ಎಂದಳೊಬ್ಬಳು. ಏಟುಗಳು ದುಪ್ಪಟ್ಟಾದವು. ತಿಮಿಂಗಿಲ ಮೈದಾನಕ್ಕೆ ಮೂರು ಸುತ್ತು ಹಾಕಿ, ವೇದಿಕೆಯ ಬುಡಕ್ಕೆ ಬಂದು ಬೋರಲು ಬಿತ್ತು.

ಸ್ಪರ್ಧೆಯ ತೀರ್ಪು ಕೊಡಲು ಕಾರವಾರದಿಂದ ಬಂದಿದ್ದ ದೊಡ್ಡ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಂಥ ಸಹಜ ಅಭಿನಯ! ಪ್ರಥಮ ಬಹುಮಾನ ಪ್ಲಾಸ್ಟಿಕ್ ರಾಕ್ಷಸನಿಗೇ!"

ತಾಡಪತ್ರಿಯಿಂದ ತಲೆ ಹೊರಹಾಕಿದ ಗುಮಾಸ್ತನನ್ನು ಕಂಡು ದೇವಕಿ ಮೇಡಂ ಓಡಿಬಂದರು.

"ಮೇಡಂ, ನಾ ತಿಮಿಂಗಿಲ ಅಂತ ಹೇಳ್ರಿ ಅವ್ರಿಗೆ!"

"ಬಾಯಿ ಮುಚ್ಚಿ! ತಿಮಿಂಗಿಲ ಬರಲೇ ಇಲ್ಲ ಅಂತ ಸಾಹೇಬ್ರು ಬರ್ಕೊಂಡಿದ್ದಾರೆ. ರಾಕ್ಷಸನಿಗೆ ಫಸ್ಟ್ ಪ್ರೈಜು! ಒಳಗಿದ್ದದ್ದು ನೀವು, ಪ್ರೈಜು ನಮ್ಮ ಶಾಲೆಗೇ!"

ಚನ್ನಬಸವ ಮೈಮೇಲಿನ ಬಾಸುಂಡೆ ಮುಟ್ಟಿ ನೋಡಿಕೊಂಡ. "ಮತ್ತ ಕಮಿಟಿ?"

"ಮಾತು ಅಂದ್ರೆ ಮಾತು. ಒಂದೂ ಇಲ್ಲ."

ಆ ನೋವಿನಲ್ಲೂ ಅವನ ಮುಖ ಅರಳಿತು. ಪೊರಕೆ ಏಟಿನಲ್ಲೇ ವರ್ಷವಿಡೀ ಬಿಡುಗಡೆ ಸಿಕ್ಕಿತೆಂದರೆ ಲುಕ್ಸಾನೇನಿಲ್ಲ ಎಂದುಕೊಂಡ.

ಅಷ್ಟರಲ್ಲಿ ಸಾಹೇಬರು ಮೈಕು ಹಿಡಿದರು. "ಈ ರಾಕ್ಷಸನನ್ನು ನಾನು ಇಲ್ಲಿಗೇ ಬಿಡುವವನಲ್ಲ. ಮುಂದಿನ ವಾರದಿಂದ ಕರಾವಳಿಯ ಊರೂರಿಗೂ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ಮೀನುಗಾರರಿಗೆ ಈಗಷ್ಟೇ ಫೋನ್ ಮಾಡಿದೆ. ಬಲೆಗೆ ಮೀನಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು ಬೀಳ್ತದಂತೆ, ಪಾಪ, ಎಲ್ಲರೂ ಭಾರೀ ಸಿಟ್ಟಿನಲ್ಲಿದ್ದಾರೆ. ಪೊರಕೆ ಕಳಿಸಿಕೊಡಲಾ ಅಂತ ಕೇಳಿದೆ. ಎಂತದೂ ಬೇಡ ಸಾಹೇಬ್ರೇ, ದೋಣಿಯ ಹುಟ್ಟುಗಳು ನಮ್ಮ ಹತ್ರನೇ ಅವೆ ಅಂದ್ರು!"