ಎರಡು ಸ್ವೆಟರು, ಒಂದು ಮಂಕಿ ಕ್ಯಾಪು

ಹವಾಮಾನದ ವಿಷಯದಲ್ಲಿ ಒಂದು ಸಲ ಬಾಯಿ ಬಿಟ್ಟವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನಂತೂ ಬಾಯಿ ಬಿಟ್ಟಿದ್ದನ್ನು ಟೇಪಿನಲ್ಲಿ ಬೇರೆ ಹಿಡಿದಿಟ್ಟಿದ್ದೆ. ಹಾಗಾಗಿ ನನಗೆ ಸ್ವಲ್ಪ ಜಾಸ್ತಿಯೇ ಆಯಿತು.

೧. ನಾನು ಹವಾಮಾನ ಇಲಾಖೆಯಾದದ್ದು

ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ನಾನು. ಆಮೇಲೆ ಯಾವ ಊರಲ್ಲೂ ಆರು ತಿಂಗಳು ನಿಂತವನಲ್ಲ. ಬೊಂಬಾಯಿಯ ಕ್ಯಾಂಟೀನು, ಹಡಗಿನ ಅಡಿಗೆಮನೆ, ದುಬೈಯ ಗೋಡೌನು ಎಲ್ಲ ಮುಗಿಸಿ, ಎಂಬತ್ತರ ದಶಕದ ನಡುವಿನಲ್ಲಿ, ಅಕ್ಕ ಕಾಗದಪತ್ರ ಮಾಡಿಸಿ ಕರೆಸಿಕೊಂಡಳೆಂದು ಅಮೆರಿಕದ ವಾಲ್ನಟ್ ಕ್ರೀಕಿಗೆ ಬಂದಿಳಿದೆ. ಸಿಕ್ಕಿದ್ದು ಒಂದು ಇಂಡಿಯನ್ ಗ್ರೋಸರಿ ಅಂಗಡಿಯ ವ್ಯಾನು ಓಡಿಸುವ ಕೆಲಸ. ಬೆಳಿಗ್ಗೆ ಬರ್ಕ್ಲಿಯಲ್ಲಿ ತೊಗರಿಬೇಳೆ, ಮಧ್ಯಾಹ್ನ ಸ್ಯಾನ್ ಹೊಸೆಯಲ್ಲಿ ಹುಣಿಸೆಹಣ್ಣು, ಸಂಜೆಗೆ ವಾಪಸು ವಾಲ್ನಟ್ ಕ್ರೀಕು. ಕಾಲು ನಿಲ್ಲದವನಿಗೆ ಹೇಳಿ ಮಾಡಿಸಿದ ನೌಕರಿ.

ಆ ಸೀಮೆಯ ಹವೆಗೂ ಕಾಲು ನಿಲ್ಲುವುದಿಲ್ಲ. ಬರ್ಕ್ಲಿಯಲ್ಲಿ ಮಂಜು ಕವಿದು ಹಲ್ಲು ಕಟಕಟ ಅನ್ನುತ್ತಿದ್ದರೆ, ಬೆಟ್ಟದ ಸುರಂಗ ದಾಟಿ ಈಚೆ ಬಂದರೆ ಬಿಸಿಲು. ಮನೆಮನೆಯಲ್ಲೂ ಊರಿನಿಂದ ಬಂದ ಅಪ್ಪ ಅಮ್ಮಂದಿರು. ಮಕ್ಕಳು ಆಫೀಸಿಗೆ ಹೋದ ಮೇಲೆ ಅವರಿಗೆ ವಾಕಿಂಗು ಹೋಗಬೇಕು. ಟಿವಿಯವನು ಐವತ್ತೆಂಟು ಡಿಗ್ರಿ ಅಂದರೆ ಅವರಿಗೆ ಗಾಬರಿ, ಊರಲ್ಲಿ ನಲವತ್ತಕ್ಕೇ ಜನ ಒದ್ದಾಡುವುದನ್ನು ಕಂಡವರು. ಅಲ್ಲಿಯ ಡಿಗ್ರಿ ಬೇರೆ, ಇಲ್ಲಿಯ ಡಿಗ್ರಿ ಬೇರೆ ಅಂತ ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ವ್ಯಾನು ನಿಲ್ಲಿಸಿದ ಕಡೆಯಲ್ಲೆಲ್ಲ ಬೇಳೆಗಿಂತ ಮೊದಲು ಹವೆ ಕೇಳುತ್ತಿದ್ದರು.

ಭಾವ ಕಂಪ್ಯೂಟರ್ ಎಂಜಿನಿಯರು. ಇದಕ್ಕೊಂದು ಸಿಸ್ಟಮ್ಮು ಬೇಕು ಎಂದು, ಗ್ಯಾರೇಜಿಗೆ ಬೇರೆಯೇ ಫೋನ್ ಲೈನು ಎಳೆಸಿ, ಅದಕ್ಕೊಂದು ಟೇಪು ಮೆಷಿನ್ನು ಜೋಡಿಸಿದರು. ಸಂಜೆ ನಾನು ಅದರಲ್ಲಿ ಮಾತಾಡಿಟ್ಟರೆ, ಯಾರು ಫೋನು ಮಾಡಿದರೂ ಅದು ಮಾರನೇ ದಿನದ ಹವೆಯನ್ನು ಕನ್ನಡದಲ್ಲಿ ಹೇಳುತ್ತಿತ್ತು. ಬೀಪ್ ಅಂದ ಮೇಲೆ ಅವರೂ ಏನಾದರೂ ಹೇಳಬಹುದಿತ್ತು. ಡಿಗ್ರಿ ಸಹವಾಸ ಬೇಡವೆಂದು ನನ್ನದೇ ಅಳತೆ ಮಾಡಿಕೊಂಡೆ. ಬನೀನು, ಒಂದು ಸ್ವೆಟರು, ಎರಡು ಸ್ವೆಟರು, ಅದಕ್ಕೂ ಮೇಲೆ ಮಂಕಿ ಕ್ಯಾಪು. ಗಾಳಿಗೆ ಬೇರೆ: ಎಲೆ ಅಲ್ಲಾಡದು, ಪಂಚೆ ಅಲ್ಲಾಡುವುದು, ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳತಕ್ಕದ್ದು.

ಮೆಷಿನ್ನು ಗ್ಯಾರೇಜಿನಲ್ಲಿ ಯಾಕೆ ಅಂದರೆ ನಾನೂ ಅಲ್ಲೇ ಮಲಗುತ್ತಿದ್ದೆ. ನನ್ನ ರೂಮಿನಲ್ಲಿ ಅಕ್ಕನ ಅತ್ತೆ ಇದ್ದರು, ಮೈಸೂರಿನಿಂದ ದೀಪಾವಳಿಗೆ ಬಂದವರು. ಒಂದು ತಿಂಗಳು ಅಡ್ಜಸ್ಟ್ ಮಾಡ್ಕೋ ಅಂದಿದ್ದಳು ಅಕ್ಕ. ನಾನು ಟೇಪಿನಲ್ಲಿ ಹೇಳಿದ ಎಲ್ಲ ಸುಳ್ಳುಗಳನ್ನು ಕೂಡಿಸಿದರೂ ಆ ಒಂದು ತಿಂಗಳಿನಷ್ಟು ದೊಡ್ಡದಾಗುವುದಿಲ್ಲ.

೨. ಬರ್ಕ್ಲಿಯ ವಿಜ್ಞಾನಿ

ಯುಗಾದಿ ಕಳೆದ ಮೇಲಿನ ವಾರ. ವಾರವಿಡೀ ತಂಪು, ವಾರವಿಡೀ ಗಾಳಿ ಅಂತ ಟಿವಿಯವನು ಹೇಳಿಬಿಟ್ಟಿದ್ದ. ಆ ಭಾನುವಾರ ಅಕ್ಕನ ಅತ್ತೆಗೆ ವಿಮಾನ. ಆದರೆ ಅವರದೊಂದು ಶರತ್ತಿತ್ತು. ಸೊಸೆಗೆ ವರ್ಷಕ್ಕಾಗುವಷ್ಟು ಸಬ್ಬಕ್ಕಿ ಸಂಡಿಗೆ ಇಟ್ಟು, ಒಣಗಿಸಿ, ಡಬ್ಬ ತುಂಬಿಸದೆ ವಿಮಾನ ಹತ್ತುವುದಿಲ್ಲ. ಚೈತ್ರದಲ್ಲಿ ಸಂಡಿಗೆ ಇಡದ ಮನೆ ಅವರ ಲೆಕ್ಕದಲ್ಲಿ ಮನೆಯೇ ಅಲ್ಲ, ಅದು ಕ್ಯಾಲಿಫೋರ್ನಿಯಾದಲ್ಲಿದ್ದರೂ ಸರಿಯೇ. ಡಬ್ಬ ತುಂಬಿದರೆ ನನಗೆ ರೂಮು, ತುಂಬದಿದ್ದರೆ ಗ್ಯಾರೇಜು.

ಸೋಮವಾರ ಬರ್ಕ್ಲಿಯಲ್ಲಿ ಅಕ್ಕಿ ಚೀಲ ಇಳಿಸುತ್ತಿದ್ದೆ. ತಗೊಂಡವರು ಹಾಸನದ ಕಡೆಯವರು, ಹವಾಮಾನದ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದರು. ನಿಮ್ಮ ಟೇಪಿನಲ್ಲಿ ಒಂದಿಷ್ಟೂ ವಿಜ್ಞಾನವಿಲ್ಲ ಎಂದು ಶುರುಮಾಡಿದರು. ಪೆನ್ನು ತೆಗೆದು ಅಕ್ಕಿ ಚೀಲದ ಮೇಲೇ ಚಿತ್ರ ಬರೆದರು. ಒಳನಾಡು ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಆ ಖಾಲಿ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ನುಗ್ಗುತ್ತದೆ. ಈ ವಾರ ಪೂರ್ತಿ ಮಧ್ಯಾಹ್ನ ಮೂರಕ್ಕೆ ಗಾಳಿ ಬಂದೇ ಬರುತ್ತದೆ, ಬರೆದಿಟ್ಟುಕೊಳ್ಳಿ ಅಂದರು. ಬರೆದದ್ದು ಅವರ ಚೀಲದ ಮೇಲಿತ್ತು, ಆದ್ದರಿಂದ ಸರಿ ಸಾರ್ ಅಂದೆ.

ಚೀಲ ಹೊತ್ತು ಒಳಗೆ ಹೋದವರು ಮತ್ತೆ ಬಾಗಿಲಿಗೆ ಬಂದರು.

"ಅಂದ ಹಾಗೆ, ನಾಳೆಗೆ ಒಂದು ಸ್ವೆಟರೋ ಎರಡೋ? ಒಂದು ವಾರದಿಂದ ನಿಮ್ಮ ಟೇಪು ಎಂಗೇಜೇ ಬರ್ತಿದೆ."

೩. ಧಾರವಾಡದ ಅಜ್ಜಾರು

ಟೇಪು ಎಂಗೇಜು ಬರುತ್ತಿದ್ದುದಕ್ಕೆ ಮುಖ್ಯ ಕಾರಣ ಸ್ಯಾನ್ ಹೊಸೆಯ ಒಬ್ಬ ಅಜ್ಜಾರು. ಧಾರವಾಡದಲ್ಲಿ ಮಾಸ್ತರಾಗಿದ್ದು ರಿಟೈರಾಗಿ ಮಗನ ಮನೆಗೆ ಬಂದವರು. ಉಳಿದವರು ಹವೆ ಕೇಳಿ ಫೋನಿಟ್ಟರೆ ಇವರು ದಿನಾ ಬೀಪ್ ಅಂದ ಮೇಲೆ ನಿಧಾನವಾಗಿ, ಎರಡೆರಡು ಸಲ ವರದಿ ಒಪ್ಪಿಸುತ್ತಿದ್ದರು. ನಮಸ್ಕಾರ್ರೀ, ಸ್ಯಾನ್ ಹೊಸೆದಾಗ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು ಅಂತ.

ನನಗೆ ಪುಕ್ಕಟೆ ವರದಿಗಾರ ಸಿಕ್ಕಂತಾಯಿತು. ಅಷ್ಟು ಹಿರಿಯರು, ಅದೂ ಮಾಸ್ತರು, ಸುಳ್ಳು ಹೇಳುತ್ತಾರೆಯೇ? ನಾನು ಆಕಾಶ ನೋಡುವುದನ್ನೇ ಬಿಟ್ಟೆ. ಸಂಜೆ ಅವರ ವರದಿ ಕೇಳುವುದು, ಅದನ್ನೇ ನನ್ನ ಗಂಟಲಲ್ಲಿ ಮಾರನೇ ದಿನಕ್ಕೆ ಹೇಳುವುದು.

ಗುರುವಾರ ಮಧ್ಯಾಹ್ನ ಅವರ ಮನೆಗೇ ಜೋಳದ ಹಿಟ್ಟು ಕೊಡಲು ಹೋದೆ. ಹದವಾದ ಬಿಸಿಲು. ಎದುರುಮನೆಯವನು ಚಡ್ಡಿಯಲ್ಲಿ ನಿಂತು ಕಾರು ತೊಳೆಯುತ್ತಿದ್ದ. ಅಜ್ಜಾರು ಬಾಗಿಲ ಮುಂದೆ ಕುರ್ಚಿಯಲ್ಲಿ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು ಹಾಕಿಕೊಂಡು ಕೂತಿದ್ದರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಜ್ಜಾರೆ, ಈ ಬಿಸಿಲಲ್ಲಿ ಇದೇನು ಅವತಾರ?"

"ಏನ್ ಮಾಡೂದ್ರಿ, ನೀವ ಹೇಳೀರಲ್ಲ, ಎರಡು ಸ್ವೆಟರು ಅಂತ."

"ನಾನು ಹೇಳಿದ್ದು ನೀವು ಹೇಳಿದ್ದಕ್ಕೆ."

"ನಾ ಹೇಳಿದ್ದು ನೀವು ಹೇಳಿದ್ದನ್ನ. ಪತ್ರ ಬಂದ್ರ ಮುಟ್ಟೇತಿ ಅಂತ ಉತ್ತರಾ ಬರೀಬೇಕಿಲ್ಲೋ? ಹಂಗ ತಿಳಿಸೇನಿ."

ಹತ್ತು ದಿನದಿಂದ ಅವೇ ಎರಡು ಸ್ವೆಟರುಗಳು ವಾಲ್ನಟ್ ಕ್ರೀಕಿಗೂ ಸ್ಯಾನ್ ಹೊಸೆಗೂ ಫೋನಿನಲ್ಲಿ ಓಡಾಡಿಕೊಂಡಿದ್ದವು. ನಮ್ಮಿಬ್ಬರಲ್ಲಿ ಒಬ್ಬನಾದರೂ ಕತ್ತೆತ್ತಿ ಮೇಲೆ ನೋಡಿರಲಿಲ್ಲ.

೪. ಎಲೆ ಅಲ್ಲಾಡದು

ಅಂದು ಸಂಜೆ ಮನೆಗೆ ಬಂದರೆ ಅಕ್ಕನ ಅತ್ತೆ ಕಾಯುತ್ತಿದ್ದರು. ಸಬ್ಬಕ್ಕಿ ನೆನೆಹಾಕಬೇಕು, ಶುಕ್ರವಾರ ಇಟ್ಟರೆ ಶನಿವಾರ ಸಂಜೆಗೆ ಡಬ್ಬಕ್ಕೆ. ಬಿಸಿಲೇನೋ ಇದೆ, ಗಾಳಿಯ ಕಥೆ ಏನು? ಟಿವಿಯವನು ಗಾಳಿ ಅಂತಾನಂತೆ, ಅವನು ಯಾವತ್ತು ಸಂಡಿಗೆ ಇಟ್ಟವನು, ನೀನು ಹೇಳು ಅಂದರು.

ಅವರ ಬೆನ್ನ ಹಿಂದೆ ನನ್ನ ರೂಮಿನ ಬಾಗಿಲು ಅರ್ಧ ತೆಗೆದಿತ್ತು. ನನ್ನ ಮಂಚದ ಒಂದು ಕಾಲು ಕಾಣುತ್ತಿತ್ತು. ಬರ್ಕ್ಲಿಯ ವಿಜ್ಞಾನಿ ಹೇಳಿದ ಮೂರು ಗಂಟೆ ನೆನಪಾಯಿತು. ಮಂಚದ ಕಾಲನ್ನು ಮತ್ತೊಂದು ಸಲ ನೋಡಿದೆ.

"ಎಲೆ ಅಲ್ಲಾಡಲ್ಲ ಅತ್ತೆ. ಧೈರ್ಯವಾಗಿ ಇಡಿ."

ಅಕ್ಕ ಸೌಟು ಹಿಡಿದುಕೊಂಡೇ ತಿರುಗಿದಳು. "ಆಕಾಶ ನೋಡಿ ಹೇಳ್ದ್ಯೋ, ರೂಮು ನೋಡಿ ಹೇಳ್ದ್ಯೋ?"

ನಾನು ಗ್ಯಾರೇಜಿಗೆ ಹೋಗಿ ಟೇಪಿನಲ್ಲೂ ಅದನ್ನೇ ಹೇಳಿಟ್ಟೆ. ಐದು ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಅತ್ತೆ ಅಡಿಗೆಮನೆಯಿಂದ ಗ್ಯಾರೇಜಿಗೆ ಫೋನು ಮಾಡಿ, ಟೇಪೂ ಅದನ್ನೇ ಹೇಳುತ್ತದೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸಬ್ಬಕ್ಕಿಗೆ ನೀರು ಹಾಕಿದರು.

೫. ಜೀರಿಗೆಯ ಆಲಿಕಲ್ಲು

ಶುಕ್ರವಾರ ನನ್ನ ಪುಣ್ಯ, ಗಾಳಿ ಲೆಕ್ಕಕ್ಕಿರಲಿಲ್ಲ. ಹಿತ್ತಲ ಕಡೆ ಮಹಡಿಗಂಟಿದ ಮರದ ಹಲಗೆಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅತ್ತೆ ಒಂದೊಂದೇ ಚಮಚ ಬಿಟ್ಟು ಕಾಸಿನಗಲದ ಸಂಡಿಗೆ ಇಟ್ಟರು. ಶನಿವಾರ ಮಧ್ಯಾಹ್ನಕ್ಕೆ ಎಲ್ಲ ಎದ್ದು ಬಂದವು. ಗಾಜಿನ ಹಾಗೆ ಹೊಳೆಯುತ್ತಿದ್ದವು. ಕೊನೆಯ ಬಿಸಿಲು ಕಾಯಿಸಲು ಹಳೆ ಬೆಡ್‌ಶೀಟಿನ ಮೇಲೆ ಹರವಿದರು. ಅಕ್ಕ ಮೂಲೆಗೆ ಕಲ್ಲಿಡೋಣ ಅಂದಳು. ಎಲೆನೇ ಅಲ್ಲಾಡಲ್ಲ ಅಂದಮೇಲೆ ಕಲ್ಲು ಯಾಕೆ ಅಂದರು ಅತ್ತೆ. ನಾನು ಗಡಿಯಾರ ನೋಡಿದೆ.

ಮೂರು ಗಂಟೆಗೆ ಸರಿಯಾಗಿ, ವಿಜ್ಞಾನ ಬಂತು.

ಬೆಡ್‌ಶೀಟು ಒಂದು ಸಲ ಉಸಿರೆಳೆದುಕೊಂಡ ಹಾಗೆ ಉಬ್ಬಿತು, ಆಮೇಲೆ ಅನಾಮತ್ತು ಎದ್ದು ನಿಂತಿತು. ವರ್ಷದ ಸಂಡಿಗೆ ಅಷ್ಟೂ ಬೇಲಿ ದಾಟಿ ಪಕ್ಕದ ಮನೆಯ ತಗಡಿನ ಶೆಡ್ಡಿನ ಮೇಲೆ ಪಟಪಟ ಬಿತ್ತು. ಅಲ್ಲಿದ್ದವರು ಒಬ್ಬ ಒಂಟಿ ಅಮೆರಿಕನ್ ತಾತ. ಹಿತ್ತಲಲ್ಲಿ ಮಳೆ ಅಳೆಯುವ ಗಾಜಿನ ಕೊಳವೆ ನೆಟ್ಟುಕೊಂಡು, ನಾಲ್ಕು ಹನಿ ಬಿದ್ದರೂ ಟಿವಿಯವರಿಗೆ ಫೋನು ಮಾಡುವ ಹವ್ಯಾಸದವರು. ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಎದ್ದು, ನೀಲಿ ಆಕಾಶ ನೋಡಿ, ಪೇಪರನ್ನು ತಲೆಯ ಮೇಲಿಟ್ಟುಕೊಂಡು ಒಳಗೆ ಓಡಿದರು.

ಕಟ್ಟೆಯ ಸಂದಿಯಲ್ಲಿ ಉಳಿದದ್ದನ್ನು ಬಳಿದು ಹಾಕಿದರೆ ಡಬ್ಬದ ತಳ ಮುಚ್ಚಿತು, ಅಷ್ಟೆ. ಅತ್ತೆ ಡಬ್ಬದ ಮುಚ್ಚಳ ಹಾಕಿದರು. ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಆರಕ್ಕೆ ಟಿವಿ ಹಾಕಿದೆವು. ವಾಲ್ನಟ್ ಕ್ರೀಕಿನಲ್ಲಿ ಒಂದು ಮೋಡವೂ ಇಲ್ಲದೆ ಕಾಸಿನಗಲದ ಆಲಿಕಲ್ಲು ಬಿದ್ದಿದೆಯೆಂದು ವೀಕ್ಷಕರೊಬ್ಬರು ತಿಳಿಸಿದ್ದಾರೆ, ಕಾರಣ ಗೊತ್ತಾಗಿಲ್ಲ ಅಂದ ಟಿವಿಯವನು. ಭಾವ ಕಾಫಿ ಲೋಟ ಕೆಳಗಿಟ್ಟರು. ಅಷ್ಟರಲ್ಲಿ ಬೆಲ್ಲಾಯಿತು.

ತಾತ ನಿಂತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಆರಿಸಿ ಫ್ರೀಜರಿನಲ್ಲಿಟ್ಟಿದ್ದರಂತೆ. ಭಾವ ಎಂಜಿನಿಯರಲ್ಲವೇ, ಅವರಿಗೇ ತೋರಿಸೋಣವೆಂದು ತಂದಿದ್ದರು. ಇದು ಎರಡು ಗಂಟೆ ಬಿಸಿಲಲ್ಲಿದ್ದರೂ ಕರಗಲಿಲ್ಲ, ಯಾಕಿರಬಹುದು ಎಂದು ಗುಟ್ಟಾಗಿ ಕೇಳಿದರು.

ಭಾವ ಚೀಲಕ್ಕೆ ಕೈ ಚಾಚುವಷ್ಟರಲ್ಲಿ ಅತ್ತೆ ಚೀಲ ಇಸಕೊಂಡು, ಬಗ್ಗಿ ನೋಡಿ, "ನಮ್ಮವೇ" ಅಂದರು. ನೆಟ್ಟಗೆ ಒಳಗೆ ಹೋಗಿ ಎಣ್ಣೆ ಕಾಯಿಸಿ ಒಂದು ಹಿಡಿ ಬಿಟ್ಟರು. ಆಲಿಕಲ್ಲು ಬುಸ್ಸನೆ ಅರಳಿ ಬಾಣಲೆ ತುಂಬಿತು. ತಾತ ಮೊದಲನೆಯದನ್ನು ಹೆದರುತ್ತಾ ಕಚ್ಚಿದರು, ಎರಡನೆಯದನ್ನು ಕೂತು ತಿಂದರು, ಹನ್ನೊಂದರವರೆಗೆ ನಾನು ಎಣಿಸಿದೆ. ಎಪ್ಪತ್ತು ವರ್ಷದಲ್ಲಿ ಎಷ್ಟೋ ಆಲಿಕಲ್ಲು ನೋಡಿದ್ದೇನೆ, ಒಳಗೆ ಜೀರಿಗೆ ಇದ್ದದ್ದು ಇದೇ ಮೊದಲು ಅಂದರು. ಮುಂದಿನ ಸಲ ಬೀಳುವಾಗ ದಯವಿಟ್ಟು ಮೊದಲೇ ತಿಳಿಸಿ ಅಂತಲೂ ಕೇಳಿಕೊಂಡರು.

ನಾನು ಅದನ್ನು ಕನ್ನಡದಲ್ಲಿ ಹೇಳಬಾರದಿತ್ತು. ಹೇಳಿದೆ. ಆರು ತಿಂಗಳಲ್ಲಿ ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಟಿಕೆಟ್ಟು ಮುಂದಕ್ಕೆ ಹಾಕ್ಸಪ್ಪ," ಅಂದರು ಮಗನಿಗೆ. "ನಮ್ಮ ಡಬ್ಬ ಖಾಲಿ, ಈಗ ಪಾಪ ಇವರಿಗೂ ಒಂದು ಡಬ್ಬ ಆಗ್ಬೇಕು. ಬೇಸಿಗೆ ಪೂರ್ತಿ ಇದ್ದು ನಿಧಾನವಾಗಿ ಮಾಡ್ತೀನಿ. ಹವಾಮಾನ ಹೇಳೋಕೆ ಹೇಗೂ ಮನೇಲೇ ಜನ ಇದೆ."

ನಾನು ಗ್ಯಾರೇಜಿಗೆ ಹೋದೆ. ಟೇಪಿನ ಗುಂಡಿ ಒತ್ತಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ನಮಸ್ಕಾರ. ಮುಂದಿನ ಮೂರು ತಿಂಗಳು ಗ್ಯಾರೇಜಿನಲ್ಲಿ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು."

ನಾನು ಟೇಪಿನಲ್ಲಿ ಹೇಳಿದ್ದರಲ್ಲಿ ನೂರಕ್ಕೆ ನೂರು ನಿಜವಾದದ್ದು ಅದೊಂದೇ. ಭಾನುವಾರ ಬೆಳಿಗ್ಗೆ ಮೆಷಿನ್ನಿನ ಕೆಂಪು ದೀಪ ಮಿಣುಕುತ್ತಿತ್ತು. ಒತ್ತಿದೆ. ಸ್ಯಾನ್ ಹೊಸೆಯ ಅಜ್ಜಾರು.

"ನಮಸ್ಕಾರ್ರೀ. ಸುದ್ದಿ ಮುಟ್ಟೇತಿ. ಸೊಸಿಗೆ ಹೇಳಿ ನಾನೂ ಹಾಸಿಗಿ ಗ್ಯಾರೇಜಿಗೆ ಹಾಕಿಸೇನ್ರಿ."